ಬಾಗಿಲ ಸಂದಿನ ಬೆಳಕು

ನಮ್ಮ ತವರುಮನೆಯ ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲೊಂದು ಬೆಳಕಿಂಡಿ, ಅಷ್ಟೆ. ಬೇಸಿಗೆಯ ಮಧ್ಯಾಹ್ನ ಊಟ ಮುಗಿದ ಮೇಲೆ ಅದನ್ನೂ ಮುಚ್ಚಿ, ಬಾಗಿಲೆಳೆದುಕೊಂಡು ಮನೆಮಂದಿಯೆಲ್ಲ ಅಡ್ಡಾಗುತ್ತಿದ್ದರು. ನನಗೆ ಹಗಲು ನಿದ್ದೆ ಬಾರದು; ಸದ್ದು ಮಾಡಿದರೆ ಅಜ್ಜಿಯ ಬೈಗುಳ. ಆಗ ನನಗೆ ಉಳಿಯುತ್ತಿದ್ದ ಒಂದೇ ಆಟವೆಂದರೆ ಬಾಗಿಲಿನ ಎರಡು ಕದಗಳ ನಡುವಿನ ಸಂದು. ಆ ಸಂದಿನಿಂದ ಒಳನುಗ್ಗಿದ ಬಿಸಿಲು ಕತ್ತಲಲ್ಲಿ ಒಂದು ತೆಳು ಹಾಳೆಯಂತೆ ನಿಂತಿರುತ್ತಿತ್ತು. ದೇವರ ಮುಂದೆ ಉರಿದು ಉಳಿದ ಊದಿನಕಡ್ಡಿಯನ್ನು ತಂದು ಅದರ ಪಕ್ಕ ಹಿಡಿದರೆ, ಕತ್ತಲಲ್ಲಿ ಕಾಣದ ಹೊಗೆ ಆ ಹಾಳೆಯನ್ನು ದಾಟುವಾಗ ಮಾತ್ರ ಕಾಣುತ್ತಿತ್ತು. ಇಡೀ ಹೊಗೆಯಲ್ಲ, ಅದರ ಒಂದು ಸೀಳು. ಸುರುಳಿಯೊಳಗೆ ಸುರುಳಿ, ಅದರೊಳಗೊಂದು ಟೊಳ್ಳು. ಕಡ್ಡಿಯನ್ನು ಹಿಂದೆ ಮುಂದೆ ಆಡಿಸಿದರೆ ಬೇರೆ ಬೇರೆ ಸೀಳುಗಳು. ಹೊಗೆಯನ್ನು ಮುಟ್ಟದೆಯೇ ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡುತ್ತಿದ್ದೆ. ಈ ಆಟವನ್ನು ನೀವೂ ಆಡಿರಬಹುದು.

ಮಗಳ ಮಗಳು ಈಗ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಾಳೆ. ಒಮ್ಮೆ ಅವಳಿಗೆ ಈ ಊದಿನಕಡ್ಡಿಯ ಕತೆ ಹೇಳಿದಾಗ ಅವಳು ನಗುತ್ತ, "ಅಜ್ಜಿ, ನಮ್ಮ ಲ್ಯಾಬಿನ ಮಷೀನೂ ಮಾಡೋದು ಅದನ್ನೇ. ಹೊಗೆಯ ಬದಲು ಜೀವಂತ ಮೀನಿನ ಮರಿ, ಅಷ್ಟೆ" ಎಂದಳು. ಜೀವಂತ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಯಾಕೆಂದು ಹೇಳಬೇಕಾದರೆ ನನ್ನ ಕೆಲಸದ ವಿಷಯ ಹೇಳಬೇಕು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಒಂದು ಮಹಿಳಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳು. ಪದವಿ ತರಗತಿಗೆ ಕೋಳಿಯ ಭ್ರೂಣದ ಪ್ರಾಕ್ಟಿಕಲ್ ಇರುತ್ತಿತ್ತು. ಮೂರು ದಿನ ಕಾವು ಕೊಟ್ಟ ತತ್ತಿಯನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ಒಡೆದು, ಹಳದಿಯ ಮೇಲೆ ಕುಳಿತ ಭ್ರೂಣವನ್ನು ಕತ್ತರಿಯಿಂದ ಬಿಡಿಸಿ ಗಾಜಿನ ತಟ್ಟೆಗೆ ತೆಗೆಯಬೇಕು. ಆಮೇಲೆ ಬೂಯಿನ್ಸ್ ದ್ರಾವಣ ಹಾಕಿ ಅದನ್ನು ಗಟ್ಟಿ ಮಾಡಿ, ಬಣ್ಣ ಕೊಟ್ಟು, ಗಾಜಿನ ಪಟ್ಟಿಯ ಮೇಲೆ ಅಂಟಿಸಬೇಕು. ಬೂಯಿನ್ಸ್ ದ್ರಾವಣ ಹಳದಿ ಬಣ್ಣದ್ದು, ಬೆರಳಿಗೆ ಹತ್ತಿದರೆ ಎರಡು ದಿನ ಹೋಗದು. ನಮ್ಮದು ತತ್ತಿ ತಿನ್ನದ ಮನೆ. ನನ್ನ ಬೆರಳು ನೋಡಿದ ಕೂಡಲೇ ಅತ್ತೆಯವರು ಬಾಗಿಲಲ್ಲೇ, "ಇದು ಅರಿಷಿಣ ಅಲ್ಲ, ನನಗ ಗೊತ್ತೈತಿ. ಮೊದಲ ಬಚ್ಚಲಕ್ಕ ಹೋಗು, ಆಮ್ಯಾಲೆ ಒಲಿ ಮುಂದ ಬಾ" ಎನ್ನುತ್ತಿದ್ದರು. ಅವರು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಸೊಸೆ ಸಂಬಳ ತರುತ್ತಾಳೆ, ಅದಕ್ಕೊಂದಿಷ್ಟು ಮೈಲಿಗೆ ಇದ್ದದ್ದೇ ಎಂಬ ಲೆಕ್ಕ ಅವರದು.

ತತ್ತಿ ಒಡೆದು ನೋಡುವ ಈ ಪಾಠ ನನ್ನ ಕಾಲೇಜಿಗಿಂತ ಬಲು ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲ್ ಕಾವಿಗಿಟ್ಟ ತತ್ತಿಗಳನ್ನು ಬೇರೆ ಬೇರೆ ದಿನಗಳಲ್ಲಿ ಒಡೆದಾಗ ಒಳಗೆ ಏನು ಕಾಣುತ್ತದೆಂದು ಬರೆದಿಟ್ಟ. ಬಿಳಿಯ ಭಾಗದಲ್ಲಿ ನೆತ್ತರ ಚುಕ್ಕೆಯಂಥ ಹೃದಯವೊಂದು ಜೀವವಿದ್ದಂತೆ ಮಿಡಿದು ಕುಣಿಯುತ್ತದೆ ಎಂದ. ಅವನ ಕ್ರಮದಲ್ಲಿ ಒಂದು ತೊಡಕಿತ್ತು. ಮೂರನೆಯ ದಿನ ಒಡೆದ ತತ್ತಿಗೆ ನಾಲ್ಕನೆಯ ದಿನ ಇರುವುದಿಲ್ಲ. ನಾಲ್ಕನೆಯ ದಿನ ನೋಡುವುದು ಬೇರೊಂದು ತತ್ತಿಯನ್ನು. ಹೀಗೆ ಬೇರೆ ಬೇರೆ ಸಾವುಗಳನ್ನು ಸಾಲಾಗಿ ಜೋಡಿಸಿ ಅದನ್ನೇ ಒಂದು ಬೆಳವಣಿಗೆ ಎಂದು ಓದಿಕೊಳ್ಳಬೇಕಾಗಿತ್ತು. ನಾನು ಕಲಿಸುವಾಗಲೂ ಮೂವತ್ತಮೂರು ತಾಸಿನದು, ನಲವತ್ತೆಂಟು ತಾಸಿನದು, ಎಪ್ಪತ್ತೆರಡು ತಾಸಿನದು ಎಂದು ಪೆಟ್ಟಿಗೆಯಲ್ಲಿ ಸಾಲಾಗಿ ಸ್ಲೈಡುಗಳಿದ್ದವು. ಒಂದೇ ಕೋಳಿಯ ಕತೆಯೆಂಬಂತೆ ಕಲಿಸುತ್ತಿದ್ದೆವು. ಅವು ಮೂರು ಕೋಳಿಗಳು.

ಸೂಕ್ಷ್ಮದರ್ಶಕ ಬಂದ ಮೇಲಾದರೂ ಇದು ಬದಲಾಗಬಹುದಿತ್ತಲ್ಲ ಎಂದು ಕೇಳಬಹುದು. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1680ರ ದಶಕದಲ್ಲಿ ಗಾಜಿನ ನಳಿಗೆಯ ನೀರಿನಲ್ಲಿ ಸಣ್ಣ ಮೀನನ್ನು ಜೀವಸಹಿತ ಹಿಡಿದಿಟ್ಟು, ಅದರ ಬಾಲದಲ್ಲಿ ನೆತ್ತರು ಹರಿಯುವುದನ್ನು ನೋಡಿದ್ದ. ಆದರೆ ಬಾಲದ ರೆಕ್ಕೆ ಕಾಗದದಷ್ಟು ತೆಳು. ಸೂಕ್ಷ್ಮದರ್ಶಕಕ್ಕೆ ಒಮ್ಮೆಗೆ ಸ್ಪಷ್ಟವಾಗಿ ಕಾಣುವುದು ಒಂದು ತೆಳು ಪದರ ಮಾತ್ರ. ದಪ್ಪಗಿನ ವಸ್ತುವಿಟ್ಟರೆ ಆ ಪದರದ ಮೇಲಿನದೂ ಕೆಳಗಿನದೂ ಮಬ್ಬಾಗಿ ಅದರ ಮೇಲೆ ಬಂದು ಕೂರುತ್ತವೆ. ಆದ್ದರಿಂದ ದಪ್ಪ ವಸ್ತುವನ್ನು ನೋಡಬೇಕಾದರೆ ಕೊಯ್ಯಬೇಕು. ಕೊಯ್ಯಬೇಕಾದರೆ ಅದು ಗಟ್ಟಿಯಾಗಬೇಕು. ಗಟ್ಟಿಯಾಗಬೇಕಾದರೆ ಸಾಯಬೇಕು.

ಹತ್ತೊಂಬತ್ತನೆಯ ಶತಮಾನದ ಜರ್ಮನ್ ಭಾಷಿಕರು ಈ ಕೊಯ್ಯುವ ಕೆಲಸವನ್ನು ಒಂದು ಶಾಸ್ತ್ರವನ್ನಾಗಿ ಮಾಡಿದರು. 1860ರ ದಶಕದಲ್ಲಿ ಬಾಸೆಲ್‌ನ ವಿಲ್ಹೆಲ್ಮ್ ಹಿಸ್ ಭ್ರೂಣವನ್ನು ಒಂದೇ ಸಮನಾದ ತೆಳು ಬಿಲ್ಲೆಗಳಾಗಿ ಕೊಯ್ಯುವ ಯಂತ್ರ ಮಾಡಿಕೊಂಡ. ಸೌತೆಕಾಯಿಯನ್ನು ಹೆಚ್ಚಿದ ಹಾಗೆ, ಆದರೆ ಒಂದು ಬಿಲ್ಲೆಯೂ ಕಳೆಯಬಾರದು, ಕ್ರಮವೂ ತಪ್ಪಬಾರದು. ಇನ್ನು ಈ ಬಿಲ್ಲೆಗಳಿಂದ ಮತ್ತೆ ಇಡೀ ಸೌತೆಕಾಯಿ ಹೇಗಿತ್ತೆಂದು ಕಾಣಬೇಕಲ್ಲ? ಅದಕ್ಕೆ ಬ್ರೆಸ್ಲಾವ್ ನಗರದ ಗುಸ್ತಾವ್ ಬಾರ್ನ್ ಎಂಬ ಅಂಗರಚನಾ ಪ್ರಾಧ್ಯಾಪಕ ಒಂದು ಉಪಾಯ ಹುಡುಕಿದ. ಪ್ರತಿ ಬಿಲ್ಲೆಯ ಚಿತ್ರವನ್ನೂ ದೊಡ್ಡದು ಮಾಡಿ ಮೇಣದ ಹಲಗೆಯ ಮೇಲೆ ಬರೆದು, ಅಂಚಿನಗುಂಟ ಕತ್ತರಿಸಿ, ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿದ. ಕಣ್ಣಿಗೆ ಕಾಣದಷ್ಟು ಸಣ್ಣ ಭ್ರೂಣದ ಹೃದಯ ಕೈಯಲ್ಲಿ ಹಿಡಿಯುವಷ್ಟು ದೊಡ್ಡದಾಗಿ, ಉದ್ದ ಅಗಲ ಆಳ ಮೂರನ್ನೂ ಪಡೆದು ಮೇಜಿನ ಮೇಲೆ ಬಂದು ಕೂತಿತು. ಒಂದು ಮಾದರಿಗೆ ವಾರಗಟ್ಟಲೆ ಕೂರಬೇಕು. ಮೂರು ಆಯಾಮದಲ್ಲಿ ನೋಡುವ ಆಸೆಗೆ ಮನುಷ್ಯರು ಎಷ್ಟು ತಾಳ್ಮೆ ಸುರಿದಿದ್ದಾರೆಂದು ಎಣಿಸಿದರೆ ನಮ್ಮ ಕಸೂತಿ ಏನೂ ಅಲ್ಲ.

ಗುಸ್ತಾವ್ ಬಾರ್ನ್ ಹೆಸರು ನನಗೆ ಗೊತ್ತಾದದ್ದು ನಿವೃತ್ತಿಯ ನಂತರದ ಓದಿನಲ್ಲಿ. ಆದರೆ ಅವನ ಇನ್ನೊಂದು ಊಹೆ ಅದಕ್ಕೂ ಬಹಳ ಮೊದಲೇ, ಇಂಜೆಕ್ಷನ್ ಆಗಿ, ನನ್ನ ಮೈಯೊಳಗೆ ಹೋಗಿತ್ತು. 1979ರಲ್ಲಿ ನಾನು ಎರಡನೆಯ ಬಸುರಿ. ಮೂರನೆಯ ತಿಂಗಳಿನಿಂದಲೇ ಆಗಾಗ ಕಲೆ ಕಾಣಿಸುತ್ತಿತ್ತು. ಗರ್ಭ ನಿಲ್ಲಲೆಂದು ಡಾಕ್ಟರು ವಾರವಾರ ಒಂದು ಹಾರ್ಮೋನಿನ ಇಂಜೆಕ್ಷನ್ ಕೊಟ್ಟರು, ಎಣ್ಣೆಯಂತೆ ದಪ್ಪ, ಸೊಂಟ ಎರಡು ದಿನ ನೋಯುತ್ತಿತ್ತು. ಅಂಡ ಬಿಡುಗಡೆಯಾದ ಜಾಗದಲ್ಲಿ ಉಳಿಯುವ ಹಳದಿ ಗಂಟು ಏನೋ ಒಂದು ರಸ ಒಸರಿಸಿ ಗರ್ಭವನ್ನು ಹಿಡಿದಿಡುತ್ತದೆ ಎಂದು ಮೊದಲು ಊಹಿಸಿದವನು ಗುಸ್ತಾವ್ ಬಾರ್ನ್. ಸಾಧಿಸಿ ತೋರಿಸುವ ಮೊದಲೇ 1900ರಲ್ಲಿ ತೀರಿಕೊಂಡ. ಅವನ ಶಿಷ್ಯ ಲುಡ್ವಿಗ್ ಫ್ರೆಂಕೆಲ್ ಮೊಲಗಳ ಮೇಲೆ ಪ್ರಯೋಗ ಮಾಡಿ ಅದು ನಿಜವೆಂದು ತೋರಿಸಿದ. ಆ ರಸವೇ ಪ್ರೊಜೆಸ್ಟರಾನ್.

ನನಗೆ ಅದು ಕೈಹಿಡಿಯಲಿಲ್ಲ. ಐದು ತಿಂಗಳಿಗೆ ಹೋಯಿತು. ಹೊಟ್ಟೆಯೊಳಗಿನದನ್ನು ನೋಡುವ ಸ್ಕ್ಯಾನಿಂಗ್ ಯಂತ್ರ ನಮ್ಮ ಊರಿಗೆ ಆಗಿನ್ನೂ ಬಂದಿರಲಿಲ್ಲ. ಏನಾಗಿತ್ತು ಎಂದು ಕೇಳಿದ್ದಕ್ಕೆ, "ಬೆಳವಣಿಗೆ ಸರಿ ಇರಲಿಲ್ಲ ಅಂತ ಕಾಣಸ್ತದವಾ" ಎಂದರು. ಕಾಣಿಸುತ್ತದೆ ಎಂಬ ಮಾತನ್ನು ಅವರು ಬಳಸಿದ್ದು ವಾಡಿಕೆಯಿಂದ. ಯಾರಿಗೂ ಏನೂ ಕಂಡಿರಲಿಲ್ಲ.

ನೋಡುವ ಕಣ್ಣು ಬಂದ ಮಾತ್ರಕ್ಕೆ ಎಲ್ಲ ಒಳ್ಳೆಯದೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅದೇ ಸ್ಕ್ಯಾನಿಂಗ್ ಬಂದ ಮೇಲೆ ನಮ್ಮ ದೇಶದಲ್ಲಿ ಎಷ್ಟು ಹೆಣ್ಣುಕೂಸುಗಳಿಗೆ ಅದು ಮೃತ್ಯುವಾಯಿತೆಂದು ನಿಮಗೆ ಗೊತ್ತು. 1994ರಲ್ಲಿ ಅದರ ಮೇಲೊಂದು ಕಾನೂನೇ ಬರಬೇಕಾಯಿತು. ಆದರೂ ಕಾಣದೆ ಉಳಿದದ್ದರ ಭಾರ ಬೇರೆ.

ಮರುವರ್ಷ, 1980ರ ಚಳಿಗಾಲವಿರಬೇಕು, ಎಪ್ಪತ್ತೆರಡು ತಾಸಿನ ಭ್ರೂಣದ ಪ್ರಾಕ್ಟಿಕಲ್. ಹಳ್ಳಿಯಿಂದ ದಿನಾಲೂ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿ ತತ್ತಿಯನ್ನು ಬಹಳ ನಾಜೂಕಾಗಿ ಒಡೆದು, ಭ್ರೂಣವನ್ನು ತಟ್ಟೆಗೆ ತೆಗೆದಳು. ಬೆಚ್ಚಗಿನ ಉಪ್ಪುನೀರಿನಲ್ಲಿ ಅದರ ಹೃದಯ ಸ್ವಲ್ಪ ಹೊತ್ತು ಹಾಗೇ ಮಿಡಿಯುತ್ತಿರುತ್ತದೆ. ದ್ರಾವಣದ ಶೀಸೆ ಹಿಡಿದುಕೊಂಡು ಅವಳು ಸುಮ್ಮನೆ ನಿಂತಿದ್ದಳು. ಯಾಕೆ ನಿಂತೆ ಎಂದೆ. "ಇನ್ನೂ ಬಡಕೊಳ್ಳಾಕತ್ತೇತಲ್ರಿ ಮೇಡಂ" ಎಂದಳು. ನಾನು, "ಬಡಕೊಳ್ಳೋ ಹೃದಯಕ್ಕ ಪರೀಕ್ಷಾದಾಗ ಮಾರ್ಕ್ಸ್ ಇಲ್ಲ" ಎಂದು ಅವಳ ಕೈಯಿಂದ ಶೀಸೆ ತೆಗೆದುಕೊಂಡು ನಾನೇ ಹಾಕಿದೆ. ಅವಳಿಗೆ ನನ್ನ ವಿಷಯ ಗೊತ್ತಿರಲಿಲ್ಲ. ಆಮೇಲೆ ಮಿಡಿಯುವ ಹೃದಯವನ್ನು ಆಕೆ ಮರೆತಿರಬಹುದು. ಆ ಮಾತನ್ನು ನಾನು ಮರೆತಿಲ್ಲ.

ಮತ್ತೆ ಬಾರ್ನ್ ಮನೆತನಕ್ಕೆ ಬರುತ್ತೇನೆ. ಗುಸ್ತಾವ್ ತೀರಿಕೊಂಡಾಗ ಅವನ ಮಗನಿಗೆ ಹದಿನೇಳು ವರ್ಷ. ತಾಯಿ ಮೊದಲೇ ಇಲ್ಲ. ಆ ಹುಡುಗನೇ ಮುಂದೆ ಭೌತವಿಜ್ಞಾನದಲ್ಲಿ ದೊಡ್ಡ ಹೆಸರಾದ ಮ್ಯಾಕ್ಸ್ ಬಾರ್ನ್. ಹಿಟ್ಲರನ ಕಾಲದಲ್ಲಿ ಯಹೂದಿಯೆಂದು ಕೆಲಸ ಕಳೆದುಕೊಂಡು ಅಲೆಯುತ್ತಿದ್ದಾಗ ಸರ್ ಸಿ. ವಿ. ರಾಮನ್ ಅವರನ್ನು ಬೆಂಗಳೂರಿಗೆ ಕರೆಸಿಕೊಂಡರು. 1935-36ರಲ್ಲಿ ಸುಮಾರು ಆರು ತಿಂಗಳು ಮ್ಯಾಕ್ಸ್ ಬಾರ್ನ್ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕೆಂದು ರಾಮನ್ ಹಟ ಹಿಡಿದರೂ ಆಗಲಿಲ್ಲ, ಎಡಿನ್‌ಬರೋಗೆ ಹೋದರು. ಬ್ರೆಸ್ಲಾವ್‌ನ ಮೇಣದ ಹೃದಯಗಳ ನಡುವೆ ಬೆಳೆದ ಹುಡುಗ ಬೆಂಗಳೂರಿನಲ್ಲಿ ಓಡಾಡಿಕೊಂಡಿದ್ದನೆಂದು ತಿಳಿದಾಗ ನನಗೆ ದೂರದ ನೆಂಟರ ಸುದ್ದಿ ಕೇಳಿದಂತಾಯಿತು.

ಬೆಂಗಳೂರಿಗೆ ಬರುವ ಮೊದಲು, ಜರ್ಮನಿಯ ಗೋಟಿಂಗನ್‌ನಲ್ಲಿ ಮ್ಯಾಕ್ಸ್ ಬಾರ್ನ್ ಅವರಿಗೆ ಮರಿಯಾ ಗೋಪರ್ಟ್ ಎಂಬ ವಿದ್ಯಾರ್ಥಿನಿ ಇದ್ದಳು. ಅದೇ ಊರಿನ ಮಕ್ಕಳ ಡಾಕ್ಟರ ಒಬ್ಬಳೇ ಮಗಳು. ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಆಕೆ ಒಂದು ವಿಚಿತ್ರ ಲೆಕ್ಕ ಹಾಕಿದಳು. ಬೆಳಕು ಕಣಕಣವಾಗಿ ಬರುತ್ತದೆ, ಒಂದು ಅಣು ಒಮ್ಮೆಗೆ ಒಂದು ಕಣವನ್ನು ನುಂಗುತ್ತದೆ ಎಂಬುದು ಆಗ ಗೊತ್ತಿದ್ದ ಮಾತು. ಎರಡು ದುರ್ಬಲ ಕಣಗಳು ಒಂದೇ ಗಳಿಗೆಯಲ್ಲಿ ಬಂದರೆ ಅಣು ಎರಡನ್ನೂ ಒಟ್ಟಿಗೆ ನುಂಗಿ, ಒಂದು ಬಲವಾದ ಕಣವನ್ನು ನುಂಗಿದಂತೆಯೇ ವರ್ತಿಸಬಹುದು ಎಂದಳು ಮರಿಯಾ. 1931ರಲ್ಲಿ ಅದು ಅಚ್ಚಾಯಿತು. ಹಾಗಾಗಲು ಬೇಕಾದಷ್ಟು ದಟ್ಟವಾದ ಬೆಳಕು ಆಗ ಭೂಮಿಯ ಮೇಲೆ ಇರಲೇ ಇಲ್ಲ. ಲೇಸರ್ ಬಂದ ಮೇಲೆ, 1961ರಲ್ಲಿ, ಲೆಕ್ಕ ನಿಜವೆಂದು ಕಂಡಿತು.

ಈ ನಡುವಿನ ಮೂವತ್ತು ವರ್ಷ ಮರಿಯಾ ಏನು ಮಾಡುತ್ತಿದ್ದಳು? ಅಮೆರಿಕದ ರಸಾಯನವಿಜ್ಞಾನಿ ಜೋಸೆಫ್ ಮೇಯರ್ ಎಂಬವನನ್ನು ಮದುವೆಯಾಗಿ ಅಲ್ಲಿಗೆ ಹೋದಳು. ಗಂಡ ಕೆಲಸ ಮಾಡುವ ವಿಶ್ವವಿದ್ಯಾಲಯದಲ್ಲಿ ಹೆಂಡತಿಗೆ ಕೆಲಸ ಕೊಡುವಂತಿಲ್ಲವೆಂಬ ನಿಯಮ ಅವಳ ಬೆನ್ನುಬಿಡಲಿಲ್ಲ. ಬಾಲ್ಟಿಮೋರ್, ನ್ಯೂಯಾರ್ಕ್, ಶಿಕಾಗೋ, ಹೋದಲ್ಲೆಲ್ಲ ಒಂದು ಮೂಲೆ, ಒಂದು ಕುರ್ಚಿ, ಬಹಳ ವರ್ಷ ಸಂಬಳವಿಲ್ಲ, ಇದ್ದರೂ ಅರೆಬರೆ. ಇಬ್ಬರು ಮಕ್ಕಳು. ಪೂರ್ಣ ಸಂಬಳದ ಪ್ರಾಧ್ಯಾಪಕಿಯಾದದ್ದು 1960ರಲ್ಲಿ, ಐವತ್ತು ದಾಟಿದ ಮೇಲೆ. 1963ರಲ್ಲಿ ನೊಬೆಲ್ ಬಂತು, ಅದೂ ಪರಮಾಣುವಿನ ಬೀಜದ ರಚನೆಯ ಕುರಿತ ಬೇರೆ ಕೆಲಸಕ್ಕೆ. ಅವಳ ಊರಿನ ಪತ್ರಿಕೆ ತಲೆಬರಹದಲ್ಲಿ ಅವಳನ್ನು ವಿಜ್ಞಾನಿ ಎನ್ನದೆ ತಾಯಿ ಎಂದು ಕರೆಯಿತಂತೆ. ಆಕೆ 1972ರಲ್ಲಿ ತೀರಿಕೊಂಡಳು. ತನ್ನ ಹಳೆಯ ಲೆಕ್ಕದಿಂದ ಒಂದು ಸೂಕ್ಷ್ಮದರ್ಶಕ ಹುಟ್ಟುವುದನ್ನು ನೋಡಲಿಲ್ಲ.

ಅದು ಹುಟ್ಟಿದ್ದು 1990ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. ಅಷ್ಟು ಹೊತ್ತಿಗೆ ಕೊಯ್ಯದೆಯೇ ಪದರ ಪದರವಾಗಿ ನೋಡುವ ಇನ್ನೊಂದು ಯಂತ್ರ ಬಳಕೆಗೆ ಬಂದಿತ್ತು. ಕಾನ್‌ಫೋಕಲ್ ಎಂದು ಅದರ ಹೆಸರು. ಮಾರ್ವಿನ್ ಮಿನ್‌ಸ್ಕಿ ಎಂಬ ತರುಣ 1950ರ ದಶಕದಲ್ಲೇ ಅದರ ಮೂಲ ಮಾದರಿ ಮಾಡಿದ್ದ. ಸೂಜಿತೂತೊಂದನ್ನಿಟ್ಟು, ಬೇಕಾದ ಪದರದಿಂದ ಬಂದ ಬೆಳಕನ್ನಷ್ಟೇ ಒಳಗೆ ಬಿಟ್ಟು, ಮಿಕ್ಕ ಮಬ್ಬನ್ನು ಹೊರಗೇ ನಿಲ್ಲಿಸುವುದು ಅದರ ಉಪಾಯ. ಆದರೆ ಬೆಳಕೂ ಪೆಟ್ಟು ಕೊಡುತ್ತದೆ. ಒಂದು ಪದರ ನೋಡುವಾಗಲೂ ಲೇಸರ್ ಇಡೀ ದಪ್ಪವನ್ನು ತೂರಿಕೊಂಡೇ ಹೋಗಬೇಕು. ನೂರು ಪದರ ನೋಡಿದರೆ ಪ್ರತಿ ಪದರವೂ ನೂರು ಸಲ ಸುಡಿಸಿಕೊಳ್ಳುತ್ತದೆ. ಮರಿಯಾಳ ಲೆಕ್ಕದಲ್ಲಿ ಹಾಗಲ್ಲ. ಕಣ್ಣಿಗೆ ಕಾಣದ, ಕೆಂಪಿಗೂ ಆಚೆಯ ದುರ್ಬಲ ಕಣಗಳನ್ನು ಮಸೂರದಿಂದ ಒಂದು ಬಿಂದುವಿಗೆ ಕೂಡಿಸಿದರೆ, ಎರಡು ಕಣ ಒಟ್ಟಿಗೆ ಸಿಕ್ಕುವುದು ಆ ಬಿಂದುವಿನಲ್ಲಿ ಮಾತ್ರ. ಅಲ್ಲಷ್ಟೇ ಬಣ್ಣ ಹೊಳೆಯುತ್ತದೆ. ಮೇಲೂ ಕೆಳಗೂ ಕತ್ತಲೆ, ಬಹಳಮಟ್ಟಿಗೆ ನೆಮ್ಮದಿ.

ಎಷ್ಟು ನೆಮ್ಮದಿ ಎಂದು 1999ರಲ್ಲಿ ಜೇನ್ ಸ್ಕ್ವಿರಲ್ ಎಂಬಾಕೆ ಮತ್ತು ಸಂಗಡಿಗರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪರೀಕ್ಷಿಸಿದರು. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಭ್ರೂಣಗಳನ್ನು ಮರಿಯಾಳ ಬೆಳಕಿನಲ್ಲಿ ಇಪ್ಪತ್ನಾಲ್ಕು ತಾಸು ಮತ್ತೆ ಮತ್ತೆ ನೋಡಿದರು. ಕಾನ್‌ಫೋಕಲ್ಲಿನಲ್ಲಿ ಎಂಟೇ ತಾಸು ನೋಡಿದ ಭ್ರೂಣಗಳು ಬೆಳೆಯುವುದನ್ನು ನಿಲ್ಲಿಸಿದವು. ಇವು ಬೆಳೆದವು. ಹಾಗೆ ನೋಡಿಸಿಕೊಂಡ ಭ್ರೂಣವೊಂದು ತಾಯಿಯ ಗರ್ಭ ಸೇರಿ, ಹುಟ್ಟಿ, ದೊಡ್ಡದಾಗಿ ಓಡಾಡಿತು. ಅರಿಸ್ಟಾಟಲ್ಲನ ಮೂರನೆಯ ದಿನದ ತತ್ತಿಗೆ ನಾಲ್ಕನೆಯ ದಿನ ಬಂದಂತಾಯಿತು. ಈ ವಿಷಯ ಓದಿದ ದಿನ ನಾನು ಅಡುಗೆ ಮಾಡುವುದನ್ನು ಬಿಟ್ಟು ಹಿತ್ತಲಲ್ಲಿ ಬಹಳ ಹೊತ್ತು ಕೂತಿದ್ದೆ.

ಇನ್ನು ನನ್ನ ಬಾಗಿಲ ಸಂದು. ಪಕ್ಕದಿಂದ ಬೆಳಕು ಹಾಯಿಸಿ ಎದುರಿನಿಂದ ನೋಡುವ ಉಪಾಯ 1903ರದು. ಜರ್ಮನಿಯ ಯೇನಾ ಊರಿನಲ್ಲಿ ಜಿಗ್‌ಮೊಂಡಿ ಮತ್ತು ಸೀಡೆನ್‌ಟಾಫ್ ಎಂಬಿಬ್ಬರು ಮಾಣಿಕ್ಯದಂತೆ ಕೆಂಪಾದ ಗಾಜಿನೊಳಗಿನ ಬಂಗಾರದ ಕಣಗಳನ್ನು ಹೀಗೆ ಕಂಡರು. ಬಿಸಿಲುಕೋಲಿನಲ್ಲಿ ಧೂಳು ಹೊಳೆಯುವಂತೆ, ಕತ್ತಲ ಹಿನ್ನೆಲೆಯಲ್ಲಿ ಬಂಗಾರ ಮಿನುಗಿತು. ಜಿಗ್‌ಮೊಂಡಿಗೆ 1925ರ ರಸಾಯನವಿಜ್ಞಾನದ ನೊಬೆಲ್ ಬಂತು. ಉಪಾಯ ಮಾತ್ರ ಜೀವಿಗಳ ಕಡೆಗೆ ತಿರುಗದೆ ಬಹುಕಾಲ ಮೂಲೆಯಲ್ಲಿತ್ತು. 1993ರಲ್ಲಿ ಅಮೆರಿಕದಲ್ಲಿ ಗಿನಿಹಂದಿಯ ಒಳಕಿವಿಯನ್ನು ಬೆಳಕಿನ ಹಾಳೆಯಿಂದ ನೋಡಿದರು, ಅದೂ ಸತ್ತದ್ದು. 2004ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಯಾನ್ ಹೌಸ್ಕನ್, ಅರ್ನ್‌ಸ್ಟ್ ಸ್ಟೆಲ್ಜರ್ ಮತ್ತು ಗೆಳೆಯರು ಮೀನಿನ ಮರಿಯನ್ನು ಜೀವಸಹಿತ ನೀರಿನಲ್ಲಿ ತೂಗುಬಿಟ್ಟು, ಪಕ್ಕದಿಂದ ಲೇಸರಿನ ತೆಳು ಹಾಳೆ ಹಾಯಿಸಿ, ಮಿಡಿಯುವ ಹೃದಯವನ್ನು ಸೀಳುಸೀಳಾಗಿ ಚಿತ್ರಿಸಿಕೊಂಡರು. ನೋಡುವ ಪದರಕ್ಕಷ್ಟೇ ಬೆಳಕು. ಮಿಕ್ಕ ಮೈಗೆ ತಾಗುವುದೇ ಇಲ್ಲ. ಮೀನನ್ನು ತಿರುಗಿಸಿ ಎಲ್ಲ ಮಗ್ಗುಲಿನಿಂದ ನೋಡಬಹುದು. ಬಾರ್ನ್ ವಾರಗಟ್ಟಲೆ ಪೇರಿಸಿದ ಮೇಣದ ಹಲಗೆಗಳನ್ನು ಕಂಪ್ಯೂಟರ್ ಕ್ಷಣಗಳಲ್ಲಿ ಪೇರಿಸುತ್ತದೆ. 2008ರಲ್ಲಿ ಅದೇ ತಂಡದವರು ಜೀಬ್ರಾ ಮೀನಿನ ಭ್ರೂಣವೊಂದನ್ನು ಇಪ್ಪತ್ನಾಲ್ಕು ತಾಸು ಬಿಡದೆ ನೋಡಿ, ಅದರ ಸಾವಿರಾರು ಜೀವಕೋಶಗಳು ಎಲ್ಲಿಂದ ಎಲ್ಲಿಗೆ ನಡೆದವೆಂದು ಒಂದೊಂದನ್ನೂ ಹಿಂಬಾಲಿಸಿದರು.

ಈ ಯಂತ್ರದಲ್ಲಿ ಮರಿಯನ್ನು ಹಿಡಿದಿಡುವುದು ಯಾವುದು ಗೊತ್ತೆ? ನಮ್ಮ ಚೈನಾ ಗ್ರಾಸಿನ ಸೋಸಿದ ರೂಪ. ಹಬ್ಬದಲ್ಲಿ ಹಾಲು ಸಕ್ಕರೆ ಹಾಕಿ ಕುದಿಸಿ ತಟ್ಟೆಗೆ ಸುರಿದು ತುಂಡು ಮಾಡುತ್ತೇವಲ್ಲ, ಸಮುದ್ರಪಾಚಿಯ ಆ ಅಗರ್. ಅದನ್ನು ಪ್ರಯೋಗಾಲಯಕ್ಕೆ ತಂದವಳು ಫ್ಯಾನಿ ಹೆಸ್ಸೆ. 1881ರಲ್ಲಿ ಅವಳ ಗಂಡ ವಾಲ್ಥರ್ ಹೆಸ್ಸೆ ಸೂಕ್ಷ್ಮಜೀವಿಗಳನ್ನು ಜೆಲಟಿನ್ ಮೇಲೆ ಬೆಳೆಸುತ್ತಿದ್ದ. ಬೇಸಿಗೆಗೆ ಅದು ಕರಗಿ ನೀರಾಗುತ್ತಿತ್ತು. ನಿನ್ನ ಜೆಲ್ಲಿಗಳು ಮಾತ್ರ ಯಾಕೆ ಕರಗುವುದಿಲ್ಲ ಎಂದು ಅವಳನ್ನೇ ಕೇಳಿದ. ಅವಳು ಅಗರ್ ತೋರಿಸಿದಳು. ಜಾವಾದಲ್ಲಿದ್ದು ಬಂದ ನೆರೆಮನೆಯವರಿಂದ ಕಲಿತದ್ದಂತೆ. ವಾಲ್ಥರ್ ಅದನ್ನು ರಾಬರ್ಟ್ ಕಾಖ್‌ಗೆ ತಿಳಿಸಿದ. ಕಾಖ್ 1882ರ ಲೇಖನದಲ್ಲಿ ಅಗರ್ ಎಂದು ಒಂದು ಮಾತು ಬರೆದ, ಫ್ಯಾನಿಯ ಹೆಸರು ಬರೆಯಲಿಲ್ಲ. ನಮ್ಮ ಅತ್ತೆಯವರು ಇದ್ದಿದ್ದರೆ ಹೇಳುತ್ತಿದ್ದೆ, ಮೈಲಿಗೆ ಎರಡೂ ಕಡೆಗೆ ದಾಟಿದೆ ಎಂದು.

ಜೀವಕೋಶ ತಾನೇ ಹೊಳೆಯುವಂತೆ ಮಾಡುವ ಹಸಿರು ಪ್ರೋಟೀನಿನ ಕತೆಯಲ್ಲೂ ಮನೆಯವರಿದ್ದಾರೆ. ಜಪಾನಿನ ಒಸಾಮು ಶಿಮೊಮುರಾ 1960ರ ದಶಕದಿಂದ ಅಮೆರಿಕದ ಕಡಲತಡಿಯಲ್ಲಿ ಲೋಳೆಮೀನು ಹಿಡಿದು ಅದರ ಬೆಳಕನ್ನು ಬೇರ್ಪಡಿಸಿದ. ಹೆಂಡತಿ ಅಕೆಮಿ, ಮಕ್ಕಳು ಎಲ್ಲರೂ ಬಲೆ ಹಿಡಿದು ನಿಲ್ಲುತ್ತಿದ್ದರು. ಎಂಟು ಲಕ್ಷಕ್ಕೂ ಹೆಚ್ಚು ಹಿಡಿದರಂತೆ. ಆ ಪ್ರೋಟೀನನ್ನು ಬೇರೆ ಪ್ರಾಣಿಯಲ್ಲಿ ಬೆಳಗಿಸಿ 1994ರಲ್ಲಿ ಪ್ರಕಟಿಸಿದವನು ಮಾರ್ಟಿನ್ ಚಾಲ್ಫಿ. ಇನ್ನೂ ಅಚ್ಚಾಗದ ತನ್ನ ಕೆಲಸವನ್ನು ಆ ಲೇಖನದಲ್ಲಿ ಉಲ್ಲೇಖಿಸಲು ಅವನ ಹೆಂಡತಿ, ಸ್ವತಃ ವಿಜ್ಞಾನಿಯಾದ ಟಲ್ ಹೇಜಲ್‌ರಿಗ್, ಷರತ್ತು ಹಾಕಿದಳು: ಎರಡು ತಿಂಗಳು ಶನಿವಾರ ಬೆಳಗಿನ ಕಾಫಿ ನೀನು ಮಾಡಬೇಕು, ಒಂದು ಒಳ್ಳೆಯ ಊಟ ಬಡಿಸಬೇಕು, ಒಂದು ತಿಂಗಳು ರಾತ್ರಿ ಕಸ ಚೆಲ್ಲಬೇಕು. 2008ರ ನೊಬೆಲ್ ಭಾಷಣದಲ್ಲಿ ಚಾಲ್ಫಿಯೇ ಇದನ್ನು ಹೇಳಿಕೊಂಡ. ಮರಿಯಾಳ ಕಾಲದಿಂದ ಇಷ್ಟಾದರೂ ದೂರ ಬಂದಿದ್ದೇವೆ.

ಕಳೆದ ವರ್ಷ ಮೊಮ್ಮಗಳು ಆ ಯಂತ್ರ ತೋರಿಸಲು ನನ್ನನ್ನು ಕರೆದೊಯ್ದಳು. ಗೋಡೆಯಗುಂಟ ಸಾಲು ಸಾಲು ಗಾಜಿನ ತೊಟ್ಟಿಗಳು, ಅವುಗಳಲ್ಲಿ ನೀಲಿ ಪಟ್ಟೆಯ ಬೆರಳುದ್ದದ ಮೀನುಗಳು. ಜಗತ್ತಿನ ಪ್ರಯೋಗಾಲಯಗಳನ್ನೆಲ್ಲ ತುಂಬಿರುವ ಈ ಜೀಬ್ರಾ ಮೀನು ನಮ್ಮ ದೇಶದ್ದೇ. 1822ರಲ್ಲಿ ಗಂಗೆಯ ಮೀನುಗಳ ಕುರಿತ ಪುಸ್ತಕದಲ್ಲಿ ಇದಕ್ಕೆ ಹೆಸರಿಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಮೊದಲು ಅವನ ಹೆಸರು ಬುಕಾನನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಹೊರಟು, ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ನಮ್ಮ ಬೆಳೆ, ಮಗ್ಗ, ಜಾತಿಗಳನ್ನೆಲ್ಲ ಬರೆದುಕೊಂಡು ಹೋದ ಬುಕಾನನ್ ಇವನೇ. ಇದರ ತತ್ತಿ ಗಾಜಿನಂತೆ ಪಾರದರ್ಶಕ, ತಾಯಿಯ 몸ಿನ ಹೊರಗೇ ಬೆಳೆಯುತ್ತದೆ. ಒಂದು ದಿನದಲ್ಲಿ ಹೃದಯ ಮಿಡಿಯತೊಡಗುತ್ತದೆ.

ಅವಳು ಎರಡು ದಿನದ ಮರಿಯೊಂದನ್ನು, ಅಲುಗದಂತೆ ಮಂಪರು ಕೊಟ್ಟು, ಬೆಚ್ಚಗಿನ ಅಗರಿನೊಂದಿಗೆ ಗಾಜಿನ ನಳಿಗೆಗೆ ಎಳೆದುಕೊಂಡಳು. ಯಂತ್ರದೊಳಗೆ ಇಳಿಬಿಟ್ಟು ದೀಪ ಆರಿಸಿದಳು. ನೀಲಿ ಬೆಳಕಿನ ಗೆರೆ ಕಂಡಿತು. ನನ್ನ ಬಾಗಿಲ ಸಂದು. ಪರದೆಯ ಮೇಲೆ ಹಸಿರು ಹೃದಯ ಎದ್ದಿತು. ಎರಡೇ ಕೋಣೆ. ಒಂದು ಮುದುಡಿದಾಗ ಇನ್ನೊಂದು ಉಬ್ಬುತ್ತಿತ್ತು. ಅವಳು ಅದನ್ನು ತಿರುಗಿಸಿ ಹಿಂದಿನಿಂದ ತೋರಿಸಿದಳು, ಒಳಗೋಡೆ ತೋರಿಸಿದಳು, ಕವಾಟ ಮೂಡಬೇಕಾದ ಜಾಗ ತೋರಿಸಿದಳು. ಕೆಲವು ಮರಿಗಳಲ್ಲಿ ಆ ಕವಾಟ ಯಾಕೆ ಸರಿಯಾಗಿ ಮೂಡುವುದಿಲ್ಲ ಎಂಬುದು ಅವಳ ಸಂಶೋಧನೆ. "ಯಾವ ಗಳಿಗೆಯಲ್ಲಿ ತಪ್ಪುತ್ತೆ ಅಂತ ಈಗ ನೋಡಬಹುದು ಅಜ್ಜಿ" ಎಂದಳು. ನನ್ನ ಎರಡನೆಯ ಬಸಿರಿನ ವಿಷಯ ಅವಳಿಗೆ ಗೊತ್ತೋ ಇಲ್ಲವೋ. ಅವಳಮ್ಮನಿಗೆ ಆಗ ನಾಲ್ಕು ವರ್ಷ. ನಾನು ಹೇಳಲಿಲ್ಲ. ನೋಡುತ್ತ ಕೂತೆ.

ದೀಪ ಹಾಕಿದ ಮೇಲೆ ಕೇಳಿದೆ, "ಇದನ್ನ ಈಗ ಏನು ಮಾಡ್ತಿ?"

"ಎಲ್ಲವನ್ನೂ ಉಳಿಸೋಕೆ ಆಗಲ್ಲ ಅಜ್ಜಿ. ಪ್ರಯೋಗ ಮುಗಿದ ಮೇಲೆ ಎಷ್ಟೋ ಮರಿಗಳನ್ನ ಹೆಚ್ಚು ಮಂಪರು ಕೊಟ್ಟು ಮಲಗಿಸಿಬಿಡ್ತೀವಿ. ಸುಳ್ಳು ಹೇಳಲ್ಲ" ಎಂದಳು. ಆಮೇಲೆ ನನ್ನ ಮುಖ ನೋಡಿ, "ಇದನ್ನ ಬೆಳೆಸ್ತೀನಿ, ನಾಳೆ ಮತ್ತೆ ಇದನ್ನೇ ನೋಡಬೇಕು" ಎಂದಳು.

ನಳಿಗೆಯಿಂದ ಅಗರಿನ ಕಡ್ಡಿಯನ್ನು ತಟ್ಟೆಯ ನೀರಿಗೆ ಮೆಲ್ಲಗೆ ತಳ್ಳಿ, ಚಿಮಟಿಗೆಯಿಂದ ಬಿಡಿಸಿದಳು. ಕಣ್ಣಿನ ರೆಪ್ಪೆಗೂದಲಿನಷ್ಟು ಮರಿ ತಳದಲ್ಲಿ ಬಿದ್ದಿತ್ತು. ಮಂಪರು ಇಳಿಯಲು ಒಂದೆರಡು ನಿಮಿಷ ಬೇಕು ಎಂದಳು. ಇಬ್ಬರೂ ತಟ್ಟೆಯ ಮೇಲೆ ಬಾಗಿಕೊಂಡು ಕಾದೆವು. ಬಾಲ ಒಮ್ಮೆ ಅಲುಗಿತು. ಮತ್ತೊಮ್ಮೆ ಅಲುಗಿತು. ಆಮೇಲೆ ಅದು ತಟ್ಟೆಯ ಇನ್ನೊಂದು ಅಂಚಿನಲ್ಲಿತ್ತು.